ತಟ್ಟೆಯಲ್ಲಿ ಉಳಿದದ್ದನ್ನು ಉಳಿದಂತೆ ಬರೆಯಿರಿ

ಬಸವನಗುಡಿಯ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಮೂವತ್ತನಾಲ್ಕು ವರ್ಷ ರೋಗಿಗಳ ಹಾಸಿಗೆಗೆ ಊಟದ ತಟ್ಟೆ ಒಯ್ದೆ, ಉಂಡಾದ ಮೇಲೆ ವಾಪಸು ತಂದೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ಅಲ್ಲಿ ಆರು ಜನ ಹೊಸ ಹುಡುಗಿಯರು ಸೇರಿದ್ದಾರಂತೆ. "ಸರೋಜಮ್ಮ, ಒಂದಿನ ಬಂದು ಇವರಿಗೆ ಕೆಲಸ ಹೇಗಿರುತ್ತೆ ಅಂತ ಹೇಳಿ ಹೋಗಿ" ಎಂದು ಅಲ್ಲಿನ ಡಯಟ್ ಮೇಡಂ ಫೋನ್ ಮಾಡಿದರು. ಎದ್ದು ನಿಂತು ಮಾತಾಡಿದರೆ ನಾನು ತಮಾಷೆಯ ಸಂಗತಿಗಳನ್ನೆಲ್ಲ ಹೇಳಿ, ಹೇಳಲೇಬೇಕಾದ ಒಂದನ್ನು ಬಿಟ್ಟು ಬರುತ್ತೇನೆ. ಒಂಬತ್ತು ವರ್ಷದಿಂದ ಹಾಗೆಯೇ ಮಾಡಿದ್ದೇನೆ. ಅದಕ್ಕೇ ಬರೆದು ತರುತ್ತೇನೆಂದೆ. ನಾನು ಓದಿದ್ದು ಆರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಒಂದು ಚೀಟಿಯ ಮೇಲೆ ಒಂದು ಸುಳ್ಳು ಬರೆದೆ. ಅದರಿಂದ ನನ್ನ ತಂಗಿ ಜಯಳ ಜೀವ ಹೋಗುವುದರಲ್ಲಿತ್ತು. ಜೀವ ಉಳಿಯಿತು, ಆದರೆ ತನ್ನ ಹಸಿವನ್ನು ತಾನೇ ನಂಬುವ ಧೈರ್ಯ ಅವಳಿಗೆ ಉಳಿಯಲಿಲ್ಲ. ಅದನ್ನು ಕಿತ್ತುಕೊಂಡವಳು ನಾನು. ಈ ಮಾತನ್ನು ಅವಳಿಗೆ ಹೇಳದೆ ನಿಮಗೆ ಬುದ್ಧಿ ಹೇಳಲು ಬರುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ.

ಮೊದಲು ಕೆಲಸದ ಮಾತು.

ತಟ್ಟೆ ಕೊಡುವುದು ಯಾರಿಗಾದರೂ ಬರುತ್ತದೆ. ವಾಪಸು ಬಂದ ತಟ್ಟೆಯನ್ನು ನೋಡುವುದರಲ್ಲಿ ಕೆಲಸ ಇರುವುದು. ಪ್ರತಿ ಹಾಸಿಗೆಗೆ ಒಂದು ಚೀಟಿ. ಅದರಲ್ಲಿ ತಿಂಡಿ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ. ಒಂದೊಂದು ಮನೆಯಲ್ಲೂ ಐದರಲ್ಲಿ ಒಂದು ಮಾತು ಬರೆಯಬೇಕು: ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಮುಟ್ಟಿಲ್ಲ. ಅಷ್ಟೇ. ಆರನೇ ಕ್ಲಾಸಿನವಳಿಗೆ ಸಾಕಾಗುವಷ್ಟು ಬರವಣಿಗೆ. ಆದರೆ ಆ ಚೀಟಿಯನ್ನು ನರ್ಸ್ ನೋಡುತ್ತಾರೆ, ಡಾಕ್ಟರು ನೋಡುತ್ತಾರೆ. ಇನ್ಸುಲಿನ್ ಚುಚ್ಚಿಸಿಕೊಂಡ ರೋಗಿ ಊಟ ಬಿಟ್ಟರೆ ಶುಗರ್ ಇಳಿದುಹೋಗುತ್ತದೆ. ಅವನು ತಿಂದನೋ ಇಲ್ಲವೋ ಎಂದು ಅವರಿಗೆ ತಿಳಿಯುವುದು ನಮ್ಮ ಆ ಒಂದು ಮಾತಿನಿಂದ.

ಉಂಡ ತಟ್ಟೆಗೂ ಕಲಸಿಟ್ಟ ತಟ್ಟೆಗೂ ವ್ಯತ್ಯಾಸ ಇದೆ. ಹಸಿದು ಉಂಡವರ ತಟ್ಟೆಯಲ್ಲಿ ಬೆರಳಿನ ಗುರುತು ನಡುವಿನಿಂದ ಅಂಚಿಗೆ ಹೋಗಿರುತ್ತದೆ. ಬೈಗುಳಕ್ಕೆ ಹೆದರಿದವರು ಅನ್ನವನ್ನು ಅಂಚಿಗೆ ತಳ್ಳಿ, ಮಧ್ಯ ಜಾಗ ಮಾಡಿ, ಮೇಲೆ ಬಾಳೆಹಣ್ಣಿನ ಸಿಪ್ಪೆ ಮುಚ್ಚಿರುತ್ತಾರೆ. ಸಿಪ್ಪೆ ಎತ್ತಿ ನೋಡಿ. ಬಟ್ಟಲಲ್ಲಿ ಪಲ್ಯ ಇಲ್ಲದಿದ್ದರೆ ಲೋಟದೊಳಗೆ ನೋಡಿ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಬೇಯಿಸಿದ ಸೋರೆಕಾಯಿಯನ್ನು ಎಂಟು ದಿನ ಕಿಟಕಿಯಾಚೆಯ ಸಜ್ಜೆಯ ಮೇಲಿಟ್ಟು ಕಾಗೆಗಳನ್ನು ಸಾಕಿದರು. ಎಂಟನೇ ದಿನ ಕಾಗೆಗಳು ಊಟದ ಹೊತ್ತಿಗೆ ಸರಿಯಾಗಿ ಬಂದು ಕೂಗಿದ್ದರಿಂದ ಸಿಕ್ಕಿಬಿದ್ದರು.

ನನ್ನ ಮೊದಲ ದೊಡ್ಡ ತಪ್ಪು ಟ್ರೇ ಕೆಲಸಕ್ಕೆ ಬಂದ ವರ್ಷವೇ ಆಯಿತು. ಬಿ.ಪಿ. ಇದ್ದ ಒಬ್ಬ ಮೇಷ್ಟರಿಗೆ ಉಪ್ಪಿಲ್ಲದ ಉಪ್ಪಿಟ್ಟು, ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಆದ ಡ್ರೈವರಿಗೆ ಉಪ್ಪು ಹಾಕಿದ್ದು. ನಾನು ಅದಲು ಬದಲು ಮಾಡಿದೆ. ಡ್ರೈವರು "ಇದೇನ್ರೀ, ಗೋಡೆಗೆ ಬಳಿಯೋ ಸುಣ್ಣ ಕೊಟ್ಟಿದೀರ?" ಎಂದು ಕೂಗಿದ ಮೇಲೆ ಗೊತ್ತಾಯಿತು. ಓಡಿಹೋಗಿ ನೋಡಿದರೆ ಮೇಷ್ಟರ ತಟ್ಟೆ ತೊಳೆದಿಟ್ಟ ಹಾಗಿತ್ತು.

"ತಪ್ಪಾಯ್ತು ಸಾರ್, ನಿಮ್ಮದಲ್ಲ ಅದು" ಎಂದೆ.

"ಹದಿನೈದು ದಿನದಲ್ಲಿ ಇವತ್ತು ಒಂದು ಹೊತ್ತು ಊಟ ಮಾಡಿದೀನಿ ತಾಯಿ. ಇದು ತಪ್ಪಾದ್ರೆ ನಾಳೆನೂ ತಪ್ಪು ಮಾಡು" ಎಂದರು.

ನಗು ಬಂತು. ಸಂಜೆ ಅವರ ಬಿ.ಪಿ. ಏರಿ ಡಾಕ್ಟರು ನನ್ನನ್ನು ಬೈದಾಗ ಅಳು ಬಂತು. ಪಥ್ಯ ಎಂಬುದು ಸುಳ್ಳು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅದು ಇದೆ, ಬೇಕು. ಆದರೆ ಮೇಷ್ಟರು ಹದಿನಾಲ್ಕು ದಿನ ಹಸಿದಿದ್ದರು, ಆ ಹದಿನಾಲ್ಕೂ ದಿನದ ಚೀಟಿಯಲ್ಲಿ 'ಪೂರ್ತಿ' ಎಂದೇ ಇತ್ತು. ನನಗಿಂತ ಹಿರಿಯಳೊಬ್ಬಳು ಬರೆದಿದ್ದಳು. ಯಾಕೆಂದು ಆಮೇಲೆ ತಿಳಿಯಿತು.

ಆಗಿನ ಡಯಟ್ ಮೇಡಂ ತುಂಬ ಓದಿದವರು, ಕೆಟ್ಟವರಲ್ಲ. ನಾವು ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದೆವು. ಅವರ ಹತ್ತಿರ ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದ ಒಂದು ಪಟ್ಟಿ ಇತ್ತು. ಶುಗರಿನವರಿಗೆಲ್ಲ ಅದೊಂದೇ. ಬೆಳಿಗ್ಗೆ ಕೆನೆ ತೆಗೆದ ಹಾಲಿನಲ್ಲಿ ಓಟ್ಸ್ ಗಂಜಿ, ಮಧ್ಯಾಹ್ನ ಎರಡು ಒಣ ಚಪಾತಿ, ಹಸಿ ತರಕಾರಿ, ಸಂಜೆ ಕಂದು ಬಣ್ಣದ ಬ್ರೆಡ್ಡು. ಅಕ್ಕಿಯ ಮುಂದೆ ಕೆಂಪು ಗೆರೆ. ಮುದ್ದೆಯ ಹೆಸರೇ ಇರಲಿಲ್ಲ. ಬೇಡ ಎಂದು ಹೊಡೆದುಹಾಕಿರಲಿಲ್ಲ, ಅಂಥದೊಂದು ಇದೆ ಎನ್ನುವುದೇ ಆ ಪಟ್ಟಿಗೆ ಗೊತ್ತಿರಲಿಲ್ಲ.

ತಟ್ಟೆ ತುಂಬಿ ವಾಪಸು ಬಂದರೆ ಮೇಡಂ ರೋಗಿಯನ್ನು ಕೇಳುತ್ತಿರಲಿಲ್ಲ, ನಮ್ಮನ್ನು ಕರೆಯುತ್ತಿದ್ದರು. "ನೀವು ನಯವಾಗಿ ಹೇಳಿ ತಿನ್ನಿಸಿಲ್ಲ. ಇನ್ನೊಂದ್ಸಲ ಹೀಗೆ ಬಂದ್ರೆ ನಿಮ್ಮನ್ನ ಪಾತ್ರೆ ತೊಳೆಯೋಕೆ ಹಾಕ್ತೀನಿ." ನಾನು ಆರು ವರ್ಷ ಪಾತ್ರೆ ತೊಳೆದೇ ಟ್ರೇಗೆ ಬಂದವಳು, ಮತ್ತೆ ಹಿಂದಕ್ಕೆ ಹೋಗಲು ಮನಸ್ಸಿರಲಿಲ್ಲ. ನಾವೆಲ್ಲ 'ಪೂರ್ತಿ' ಬರೆಯುವುದನ್ನು ಕಲಿತೆವು. ವಾರ್ಡಿನ ಮೂಲೆಯಲ್ಲಿ ಎಂಜಲಿನ ಬಕೆಟ್ಟು ಇತ್ತು. ತಟ್ಟೆಯನ್ನು ಅದಕ್ಕೆ ಬಗ್ಗಿಸುವುದು, ಬರೆಯುವುದು. ಒಬ್ಬರಿಗೊಬ್ಬರು ಹೇಳಿಕೊಡಲೂ ಇಲ್ಲ, ನೋಡಿ ನೋಡಿ ಕೈಗೆ ಬಂತು.

ಅಕ್ಕಿಪೇಟೆಯ ಒಬ್ಬ ಅಜ್ಜಿಯನ್ನು ನೆನೆಯದೆ ಮುಂದೆ ಹೋಗಲಾರೆ. ಅವರ ಮನೆಯವರದು ಮೂರು ತಲೆಮಾರಿನಿಂದ ಅಕ್ಕಿ ವ್ಯಾಪಾರ. ಕತ್ತಿನಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಶುಗರ್ ಇತ್ತು. ಓಟ್ಸ್ ಬಟ್ಟಲನ್ನು ಮೂಗಿನ ಹತ್ತಿರ ತಂದು ಕೆಳಗಿಟ್ಟರು.

"ಏನವ್ವಾ ಇದು?"

"ಓಟ್ಸ್ ಅಜ್ಜಿ. ಶುಗರಿಗೆ ಒಳ್ಳೇದು. ಅನ್ನ ನಿಮಗೆ ವಿಷ ಅಂತೆ."

"ಯಾರಂದ್ರು? ಅಕ್ಕಿ ಮಾರಿ ನಾಲ್ಕು ಮಕ್ಕಳ ಮದುವೆ ಮಾಡಿದೀನಿ, ಊರಿಗೆಲ್ಲ ವಿಷ ಹಾಕಿದ್ನಾ ಹಾಗಾದ್ರೆ?" ಎಂದು ನನ್ನ ಮುಖ ನೋಡಿದರು. "ಒಂದು ಹಿಡಿ ಅನ್ನ ತಾ, ಮಜ್ಜಿಗೆ ತಾ. ಒಂದೇ ಹಿಡಿ. ಹೊಟ್ಟೆ ಸಾಕು ಅನ್ನೋದು ನನಗೆ ಕೇಳಿಸುತ್ತೆ. ನಿಮಗೆ ಕೇಳಿಸಲ್ವಾ?"

ನಾನು ಅನ್ನ ತರಲಿಲ್ಲ. 'ಪೂರ್ತಿ' ಬರೆದೆ. ಮೂರನೇ ದಿನ ಅವರ ಸೊಸೆ ಸೆರಗಿನ ಮರೆಯಲ್ಲಿ ಡಬ್ಬಿ ತಂದಳು. ಅಜ್ಜಿ ಒಂದು ಹಿಡಿ ಉಂಡು ಡಬ್ಬಿ ಮುಚ್ಚಿದರು. ಸೊಸೆ ಇನ್ನೂ ತುತ್ತು ಎಂದರೆ ಕೈ ಅಡ್ಡ ಇಟ್ಟರು. ಅವರಿಗೆ ನಿಜವಾಗಿಯೂ ಕೇಳಿಸುತ್ತಿತ್ತು. ನೋಡಿದೆ, ಕಲಿಯಲಿಲ್ಲ.

ಈಗ ನನ್ನ ತಂಗಿಯ ವಿಷಯ.

ಜಯ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಚಾಮರಾಜಪೇಟೆಯಲ್ಲಿ ಒಂದು ಕೋಣೆ ಮನೆ ಮಾಡಿ, ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರುತ್ತಿದ್ದಳು. ಸೊಪ್ಪಿನ ವಿಷಯದಲ್ಲಿ ಅವಳ ಮುಂದೆ ಯಾರೂ ಇಲ್ಲ. "ಬಾಣಂತಿಗಾ? ಸಬ್ಬಸಿಗೆ ತಗೊಳಿ. ಕಣ್ಣುರಿನಾ? ಹೊನಗೊನ್ನೆ ಹಾಕ್ತೀನಿ ಇರಿ. ದಂಟು ಬೇಡ ಇವತ್ತು, ಬಲಿತುಬಿಟ್ಟಿದೆ" ಎಂದು ಕೊಳ್ಳುವವರಿಗೇ ಜೋರು ಮಾಡುತ್ತಿದ್ದಳು. ಮಾರಿ ಉಳಿದ ನಾಲ್ಕು ಥರದ ಸೊಪ್ಪು ಸೇರಿಸಿ ಬಸ್ಸಾರು ಮಾಡಿದರೆ ವಠಾರದವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು. ಭಾನುವಾರ ಕುರಿಯ ಬೋಟಿ ಸಾರು. ನಮ್ಮವ್ವನ ಕೈಯಿಂದ ಮುದ್ದೆ ತಿರುವುವುದನ್ನು ಚೆನ್ನಾಗಿ ಕಲಿತವಳೂ ಅವಳೇ. ಹಸಿದರೆ ಉಣ್ಣುತ್ತಿದ್ದಳು, ಸಾಕಾದರೆ ಕೈ ತೊಳೆಯುತ್ತಿದ್ದಳು. ಯಾರನ್ನೂ ಕೇಳಿದವಳಲ್ಲ.

ನಾನು ಹಾಗಿರಲಿಲ್ಲ. ನರ್ಸಿಂಗ್ ಹೋಮಿನ ಅಡುಗೆಮನೆಯಲ್ಲಿ ಭಟ್ಟರು ಅಡುಗೆ ಮಾಡುತ್ತಿದ್ದರು. ನಾನು ಬಾಗಿಲ ತನಕ ಹೋಗಿ ಟ್ರೇ ತೆಗೆದುಕೊಳ್ಳುತ್ತಿದ್ದೆ. ಒಳಗೆ ಒಲೆಯ ಹತ್ತಿರ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಹೋಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮುದ್ದೆ ತಂದಿದ್ದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಬರಬರುತ್ತಾ ಚಪಾತಿ ತರತೊಡಗಿದೆ. ಮನೆಯಲ್ಲಿ ಏನು ಊಟ ಎಂದು ಯಾರಾದರೂ ಕೇಳಿದರೆ ಅನ್ನ, ತಿಳಿಸಾರು ಎನ್ನುತ್ತಿದ್ದೆ. ಅವ್ವ ಹಾಕಿ ಬೆಳೆಸಿದ ಊಟವನ್ನು ನಾನು ಹಾಗೆ ಬಚ್ಚಿಟ್ಟೆ. ಮೂಲ ತಪ್ಪು ಇದು. ಚೀಟಿಯ ತಪ್ಪು ಇದರ ಮಗು.

ಒಂಬತ್ತು ವರ್ಷದ ಹಿಂದೆ ಜಯಳ ಕಾಲಿನಲ್ಲಿ ಒಂದು ಗಾಯ ಆಗಿ ಮಾಯಲೇ ಇಲ್ಲ. ಶುಗರ್ ವಿಪರೀತ ಇತ್ತು. ಕೆಲಸದವಳ ತಂಗಿ ಎಂದು ನಮ್ಮಲ್ಲೇ ಸೇರಿಸಿಕೊಂಡರು. ದಿನಾ ಬೆಳಿಗ್ಗೆ ಇನ್ಸುಲಿನ್, ಆಮೇಲೆ ತಿಂಡಿ. ಮೊದಲ ದಿನ ಓಟ್ಸ್ ಅರ್ಧ ತಿಂದಳು, ಎರಡನೇ ದಿನ ಕಾಲು.

"ಅಕ್ಕ, ಗಂಟಲಿಗೆ ಅಂಟುತ್ತೆ ಕಣೆ. ಒಂದು ಚಿಕ್ಕ ಮುದ್ದೆ, ಒಂಚೂರು ಸೊಪ್ಪಿನ ಸಾರು ತಂದ್ಕೊಡು. ಹೊಟ್ಟೆ ಅದನ್ನೇ ಕೇಳ್ತಿದೆ."

"ಇಲ್ಲಿ ಅದೆಲ್ಲ ತರಬಾರದು. ನಾಲ್ಕು ದಿನ ನಾಲಿಗೆ ಕಟ್ಟು."

"ಮುದ್ದೆ ತಿನ್ನೋದು ನಾಲಿಗೆ ಚಪಲ ಯಾವಾಗಿಂದ ಆಯ್ತು?" ಎಂದು ನಕ್ಕಳು.

ಪಕ್ಕದ ಹಾಸಿಗೆಯವರು ಕೇಳಿಸಿಕೊಂಡರು ಎಂದು ನನಗೆ ಮೈಯೆಲ್ಲ ಉರಿಯಿತು. ದೊಡ್ಡ ಮೇಡಂ ಆ ದಿನ ಅವಳ ಮುಂದಿದ್ದ ಬಟ್ಟಲು ನೋಡಿ ಎಲ್ಲರ ಎದುರಿಗೆ, "ಏನು ಸರೋಜಾ, ನಿಮ್ಮ ಸ್ವಂತ ತಂಗಿಗೇ ತಿನ್ನಿಸೋಕಾಗಲ್ವಾ?" ಎಂದರು.

ಮೂರನೇ ದಿನ ಬೆಳಿಗ್ಗೆ ಅವಳು ಬಟ್ಟಲನ್ನು ಮುಟ್ಟಲೇ ಇಲ್ಲ. "ಇವತ್ತು ಆಗಲ್ಲ ಅಕ್ಕ, ತಗೊಂಡ್ಹೋಗು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಬಟ್ಟಲನ್ನು ಬಕೆಟ್ಟಿಗೆ ಬಗ್ಗಿಸಿದೆ. ಚೀಟಿಯಲ್ಲಿ 'ಪೂರ್ತಿ' ಎಂದು ಬರೆದೆ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಅಷ್ಟು ಅಭ್ಯಾಸವಾಗಿತ್ತು. ಅವಳಿಗೆ ಆಗಲೇ ಇನ್ಸುಲಿನ್ ಚುಚ್ಚಿದ್ದರು ಎಂದು ಗೊತ್ತಿದ್ದೂ ಅನ್ನಿಸಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಜಯ ಬೆವರತೊಡಗಿದಳು. ಕೈ ನಡುಗುತ್ತಿದೆ, ತಲೆ ತಿರುಗುತ್ತಿದೆ ಎಂದಳಂತೆ. ನರ್ಸ್ ಹುಡುಗಿ ಬಂದು ಚೀಟಿ ನೋಡಿದಳು. ಪೂರ್ತಿ ತಿಂದಿದ್ದಾರೆ, ಶುಗರ್ ಇಳಿದಿರುವುದಿಲ್ಲ, ಸೆಖೆಗೆ ಇರಬೇಕು ಎಂದು ಫ್ಯಾನು ಜೋರು ಮಾಡಿ ಹೋದಳು. ಅವಳನ್ನು ನಾನು ದೂರುವುದಿಲ್ಲ. ಅವಳು ಓದಿದ್ದು ನನ್ನ ಮಾತನ್ನು. ಅರ್ಧ ಗಂಟೆ ಬಿಟ್ಟು ಬಂದು ಎಬ್ಬಿಸಿದರೆ ಜಯ ಏಳಲಿಲ್ಲ. ನಾನು ಮೇಲಿನ ಮಹಡಿಯಲ್ಲಿದ್ದೆ. ಓಡಿ ಬಂದಾಗ ಅವಳ ಬಾಯಿಯ ಒಂದು ಬದಿಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣು ಅರ್ಧ ತೆರೆದಿತ್ತು, ಡಾಕ್ಟರು ಕೆನ್ನೆ ತಟ್ಟಿ ಹೆಸರು ಕೂಗುತ್ತಿದ್ದರು. ರಕ್ತದಲ್ಲಿ ಸಕ್ಕರೆ ಇರಲೇ ಇಲ್ಲ ಎನ್ನುವಷ್ಟು ಇಳಿದಿತ್ತು. ಗ್ಲೂಕೋಸ್ ಏರಿಸಿದರು. ಬಹಳ ಹೊತ್ತಿನ ಮೇಲೆ ಕಣ್ಣು ಹೊರಳಿಸಿ ನನ್ನನ್ನು ನೋಡಿ "ಅವ್ವ" ಎಂದಳು.

ಮಧ್ಯಾಹ್ನ ವಿಚಾರಣೆ ಆಯಿತು. ವಿಚಾರಣೆ ಎಂದರೆ ಹಾಸಿಗೆಯ ಸುತ್ತ ಡಾಕ್ಟರು, ದೊಡ್ಡ ಮೇಡಂ, ನರ್ಸ್, ನಾನು.

"ತಿಂಡಿ ತಿಂದ್ರಾ ನೀವು?" ಡಾಕ್ಟರು ಕೇಳಿದರು.

"ಇಲ್ಲ ಸಾರ್. ತಟ್ಟೇಲೇ ಬಿಟ್ಟಿದ್ದೆ."

"ಚೀಟಿಯಲ್ಲಿ ಪೂರ್ತಿ ಅಂತಿದೆ. ಬಕೆಟ್ಟಿನಲ್ಲಿ ನೋಡಿದ್ರೆ ಓಟ್ಸ್ ಇದೆ. ಎದ್ದುಹೋಗಿ ಎಸೆದ್ರಾ?"

"ನಾನು ಎಸೀಲಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಹೇಳಿಮ್ಮ."

ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ ಬಹಳವೆಂದರೆ ಕೆಲಸ ಹೋಗುತ್ತಿತ್ತು. ನಾನು ಹೇಳಿದ್ದು ಇದು: "ಚಿಕ್ಕಂದಿನಿಂದ್ಲೂ ಇವಳಿಗೆ ಬೇಡದ್ದನ್ನ ಕದ್ದು ಎಸೆಯೋ ಅಭ್ಯಾಸ ಸಾರ್."

ಜಯ ನನ್ನನ್ನೇ ನೋಡಿದಳು. ಸಿಟ್ಟಿನಿಂದ ಅಲ್ಲ. ನೆನಪು ಮಾಡಿಕೊಳ್ಳಲು ನೋಡುವವರ ಹಾಗೆ. ಶುಗರ್ ಇಳಿದು ಎಚ್ಚರ ತಪ್ಪಿದವರಿಗೆ ಹಿಂದುಮುಂದಿನ ನೆನಪು ಕಲಸಿಹೋಗಿರುತ್ತದೆ. "ಇರಬಹುದು ಅಕ್ಕ" ಎಂದಳು. "ನನಗೇ ಗೊತ್ತಾಗದ ಹಾಗೆ ಎಸೆದಿರಬಹುದು."

ಎಲ್ಲರೂ ಬೈದರು. ನಾನೇ ಎಲ್ಲರಿಗಿಂತ ಜೋರಾಗಿ ಬೈದೆ.

ಮನೆಗೆ ಹೋದ ಮೇಲೆ ಜಯ ಬೇರೆ ಹೆಂಗಸಾದಳು. ತನ್ನ ಹೊಟ್ಟೆಯ ಮಾತು ಕೇಳಿದ್ದರಿಂದ ಸಾಯುವ ಹಾಗಾಯಿತು ಎಂದು ಅವಳಿಗೆ ಖಚಿತವಾಗಿಬಿಟ್ಟಿತ್ತು. ಒಂದು ಸ್ಟೀಲ್ ಕಪ್ಪು ಕೊಂಡಳು, ಎಲ್ಲವನ್ನೂ ಅದರಲ್ಲಿ ಅಳೆದಳು. ದಿನಕ್ಕೆ ಮೂರು ಸಲ ನನಗೆ ಫೋನ್.

"ಅಕ್ಕ, ಇಡ್ಲಿ ಎರಡಾ, ಒಂದೂವರೆನಾ?"

"ಎರಡು."

"ಅಕ್ಕ, ಇವತ್ತು ಬಸ್ಸಾರು ಮಾಡಿದೀನಿ. ಮುದ್ದೆ ಅರ್ಧನಾ, ಕಾಲಾ?"

"ಕಾಲು ಸಾಕು."

"ಆಮೇಲೆ ಹಸಿವಾದ್ರೆ?"

"ಅದು ಹಸಿವಲ್ಲ, ಚಪಲ. ನೀರು ಕುಡಿ."

ಹೀಗೆ ಹೇಳಿದವಳು ನಾನು. ಬೋಟಿ ಸಾರು ನಿಂತಿತು. ವಠಾರದವರಿಗೆ ಬಟ್ಟಲು ತುಂಬಿಸುವುದು ನಿಂತಿತು. ಗಾಂಧಿ ಬಜಾರಿನಲ್ಲಿ ಒಂದು ಸಲ ಅವಳ ಹಿಂದೆಯೇ ನಿಂತಿದ್ದೆ. ಯಾರೋ "ಈ ಸೊಪ್ಪು ಶುಗರಿಗೆ ಒಳ್ಳೇದೇನಮ್ಮ?" ಎಂದು ಕೇಳಿದರು. "ನನಗೇನು ಗೊತ್ತು ಸಾರ್, ಡಾಕ್ಟ್ರನ್ನ ಕೇಳಿ" ಎಂದಳು. ಜಯ ಹಾಗೆಂದಿದ್ದನ್ನು ಕೇಳಿ ನಾನು ಅಲ್ಲಿಂದ ಹಾಗೇ ವಾಪಸಾದೆ.

ಜಯ ಎಚ್ಚರ ತಪ್ಪಿದ ಮರುದಿನದಿಂದ ನಾನು ಒಂದು ಸುಳ್ಳು ಚೀಟಿಯನ್ನೂ ಬರೆಯಲಿಲ್ಲ. 'ಮುಟ್ಟಿಲ್ಲ' ಎಂದರೆ 'ಮುಟ್ಟಿಲ್ಲ.' ಒಂದೇ ವಾರದಲ್ಲಿ ಇಪ್ಪತ್ತು ಚೀಟಿ ಹಾಗೆ ಹೋಯಿತು. ದೊಡ್ಡ ಮೇಡಂ ಕರೆದರು.

"ಇಷ್ಟು ದಿನ ಎಲ್ಲರೂ ತಿಂತಿದ್ರು, ಈಗೇನು ಒಟ್ಟಿಗೆ ಉಪವಾಸ ಕೂತಿದಾರಾ?"

"ಆಗಲೂ ತಿಂತಿರ್ಲಿಲ್ಲ ಮೇಡಂ. ಈಗ ಬರೀತಿದೀನಿ."

ನನ್ನನ್ನು ನಾಲ್ಕು ತಿಂಗಳು ಪಾತ್ರೆಗೆ ಹಾಕಿದರು. ತೊಳೆದೆ. ತೊಳೆಯುವ ಕಡೆಯಿಂದಲೇ ಬಂದ ತಟ್ಟೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಹಾಸಿಗೆ ನಂಬರು ಹಾಕಿ ಬರೆದಿಟ್ಟೆ. ದೊಡ್ಡ ಮೇಡಂ ಬೇರೆ ಕಡೆ ಹೋಗಿ ಅವರ ಜಾಗಕ್ಕೆ ಚಿಕ್ಕ ವಯಸ್ಸಿನ ಒಬ್ಬರು ಬಂದರು. ಈಗ ನಿಮ್ಮ ಮೇಲಿರುವವರು ಅವರೇ. ಮೊದಲ ವಾರವೇ ಆ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲಿಟ್ಟೆ. ಎಲ್ಲ ಹಾಳೆ ತಿರುವಿದರು. ಮತ್ತೆ ಟ್ರೇಗೆ ಹಾಕಿದರು.

ಅವರು ತಂದ ಬದಲಾವಣೆ ನೋಡುವುದಕ್ಕೆ ಚಿಕ್ಕದು. ರೋಗಿಯ ಹಾಸಿಗೆ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಮನೇಲಿ ಏನು ಊಟ ಮಾಡ್ತೀರಿ? ಯಾವಾಗ ಹಸಿವಾಗುತ್ತೆ? ಎಷ್ಟಕ್ಕೆ ಸಾಕು ಅನ್ನಿಸುತ್ತೆ?" ಎಂದು ಕೇಳುವುದು. ಮೊದಮೊದಲು ಜನ ಸುಳ್ಳು ಹೇಳುತ್ತಿದ್ದರು, ಚಪಾತಿ, ಸಲಾಡು ಎನ್ನುತ್ತಿದ್ದರು. ಆಗ ನಾನು ಪಕ್ಕದಲ್ಲಿ ನಿಂತು "ನಮ್ಮನೇಲಿ ಮುದ್ದೆ, ಉಪ್ಸಾರು" ಎಂದರೆ ಮುಖ ಅರಳುತ್ತಿತ್ತು. "ನಮ್ಮದೂ ಅದೇ ಕಣಮ್ಮ!"

ಒಂದು ದಿನ ಮೇಡಂ ಅಡುಗೆಮನೆಯಲ್ಲಿ "ನಾಳೆಯಿಂದ ಎಂಟು ಜನಕ್ಕೆ ಚಿಕ್ಕ ಮುದ್ದೆ ಬೇಕು, ಯಾರು ಮಾಡ್ತೀರಿ?" ಎಂದರು.

ಭಟ್ಟರು ಕೈ ಒರೆಸಿಕೊಂಡು "ನಮಗೆ ಅಭ್ಯಾಸ ಇಲ್ಲ ಮೇಡಂ" ಎಂದರು.

ನಾನು ಬಾಗಿಲಲ್ಲಿದ್ದೆ. "ನನಗೆ ಬರುತ್ತೆ" ಎಂದೆ.

ಭಟ್ಟರು ಒಲೆ ನೋಡಿದರು, ನನ್ನನ್ನು ನೋಡಿದರು. ನಾನು ಒಳಗೆ ಹೋದೆ. ಕೇಳಿಕೊಂಡು ಹೋಗಲಿಲ್ಲ, ಹೋದೆ. ಮರುದಿನದ ಮೊದಲ ಮುದ್ದೆ ಗಂಟು ಗಂಟಾಯಿತು, ಎಂಟು ಜನಕ್ಕೆ ಒಟ್ಟಿಗೆ ತಿರುವಿ ಅಭ್ಯಾಸ ಇರಲಿಲ್ಲ. ಭಟ್ಟರು ಬಗ್ಗಿ ನೋಡಿ, "ಸರೋಜಾ, ಇದನ್ನ ರೋಗಿಗೆ ಕೊಟ್ರೆ ಇನ್ನೊಂದು ರೋಗ ಬರುತ್ತಲ್ಲ" ಎಂದರು.

"ನಾಳೆ ಸರಿಹೋಗುತ್ತೆ ಭಟ್ಟರೇ, ಇವತ್ತು ನೀವು ತಿನ್ನಿ" ಎಂದೆ.

ನಕ್ಕರು. ಕೊನೆಗೆ ಅವರೇ ಕೋಲು ಹಿಡಿಯುವುದನ್ನು ನನ್ನಿಂದ ಕಲಿತರು. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಏರುತ್ತದೆ. ಅದಕ್ಕೇ ಚಿಕ್ಕದು, ಅದಕ್ಕೇ ಜೊತೆಗೆ ಸೊಪ್ಪು, ಕಾಳು. ಆದರೆ ತನ್ನದು ಎನ್ನಿಸುವ ಊಟವನ್ನು ಮನುಷ್ಯ ಉಣ್ಣುತ್ತಾನೆ, ಉಂಡು ಸಾಕು ಎನ್ನುತ್ತಾನೆ. ತನ್ನದಲ್ಲದ್ದನ್ನು ಕಿಟಕಿಯಾಚೆ ಇಡುತ್ತಾನೆ.

ಬೀಳ್ಕೊಡುಗೆಯ ದಿನ ಮೇಡಂ ನನ್ನನ್ನು ಹೊಗಳಿದರು. ಎಷ್ಟೋ ಜನರಿಗೆ ತಮ್ಮ ಊಟದ ಮೇಲೆ ಗೌರವ ಬರುವ ಹಾಗೆ ಮಾಡಿದಿರಿ ಎಂದರು. ಆಗ ನನ್ನ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಜಯ. ತನ್ನ ವಠಾರದಲ್ಲಿ ಯಾರೋ ಸಿಹಿ ಕೊಟ್ಟಿದ್ದಾರೆ, ಚಮಚೆಯಷ್ಟು ತಿನ್ನಬಹುದೇ ಎಂದು ಕೇಳಲು. ನಾನು ಬೇಡ ಎಂದೆ. ಹಾರ ಕೊರಳಲ್ಲಿತ್ತು.

ಇಲ್ಲಿಯ ತನಕ ಬರೆದು, ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಅವಳ ಮನೆಗೆ ಹೋದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಂದು ವಿಷಯ ಓದಿ ಹೇಳಬೇಕು, ಕೂತ್ಕೋ ಎಂದೆ. ಕಾಗೆಯ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಬಸ್ಸಾರಿನ ವಿಷಯ ಬಂದಾಗ "ಅದನ್ನೂ ಬರೆದ್ಯಾ?" ಎಂದು ಸೆರಗು ಬಾಯಿಗಿಟ್ಟುಕೊಂಡಳು. ನಾನು ಓದುವುದನ್ನು ನಿಲ್ಲಿಸಲಿಲ್ಲ. ಬಕೆಟ್ಟಿನ ಮಾತು ಬಂತು. ಡಾಕ್ಟರ ಮುಂದೆ ನಾನು ಹೇಳಿದ ಮಾತು ಬಂತು.

ಅವಳು ಎದ್ದು ಒಲೆ ಆರಿಸಿ ಬಂದು ಕೂತಳು.

"ತಟ್ಟೇಲೇ ಬಿಟ್ಟಿದ್ದೆ ಅಂತ ನಾನು ಹೇಳಿದ್ನಲ್ಲ ಅವತ್ತು?"

"ಹೇಳಿದ್ದೆ."

"ನಾನು ಎಸೀಲಿಲ್ಲ."

"ಇಲ್ಲ. ನೀನು ಎಸೀಲಿಲ್ಲ ಜಯ. ನಾನು ಬಗ್ಗಿಸಿದ್ದು."

"ಹಾಗಾದ್ರೆ ನನ್ನ ತಲೆ ಕೆಟ್ಟಿರ್ಲಿಲ್ಲ."

"ಇಲ್ಲ."

ಆಮೇಲೆ ಮೆಲ್ಲಗೆ ಕೇಳಿದಳು, "ದಿನಾ ಮೂರು ಸಲ ಫೋನ್ ಮಾಡಿ ಕೇಳ್ತಿದ್ನಲ್ಲ, ಆಗ ನಿನಗೆ ಏನನ್ನಿಸ್ತಿತ್ತು?"

ಇದಕ್ಕೂ ಸುಳ್ಳು ಹೇಳಬಾರದು ಎಂದುಕೊಂಡೆ. "ಮೊದಮೊದಲು ಚೆನ್ನಾಗೇ ಅನ್ನಿಸ್ತಿತ್ತು. ನೀನು ಯಾವತ್ತೂ ನನ್ನ ಮಾತು ಕೇಳಿದವಳಲ್ಲ."

ಅವಳು ತಲೆ ಆಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ನಾನು ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡಳು.

"ಈ ಹಾಳೆ ಆ ಹುಡುಗೀರಿಗೆ ಓದ್ತೀಯಾ?"

"ನೀನು ಬೇಡ ಅಂದ್ರೆ ಇಲ್ಲ."

"ಓದು. ನನ್ನ ಹೆಸರು ಹಾಕಿ ಓದು. ಯಾರೋ ಒಬ್ಬಳು ಅಂತ ಓದಬೇಡ."

ಗಂಟೆ ಒಂದಾಗಿತ್ತು. ಅಭ್ಯಾಸಬಲ, ನನ್ನ ಬಾಯಿ ತಡೆಯಲಿಲ್ಲ. "ಊಟ ಮಾಡು ಜಯ, ಮಾತ್ರೆ ಹೊತ್ತಾಯ್ತು. ಕಾಲು ಮುದ್ದೆ..."

"ನನಗೆ ಹಸಿವಾಗಿದೆ" ಎಂದಳು. "ಎಷ್ಟು ಹಸಿವಾಗಿದೆ ಅಂತ ನನಗೆ ಗೊತ್ತು. ಮಾಡ್ತೀನಿ ಊಟ. ನೀನು ಹೋಗು ಅಕ್ಕ. ನೀನು ಇಲ್ಲಿ ನಿಂತ್ಕೊಂಡಿದ್ರೆ ನಂಗೆ ತುತ್ತು ಇಳಿಯಲ್ಲ."

ಹೋದೆ. ಬಾಗಿಲು ಹಾಕಿಕೊಂಡಳು.

ಹುಡುಗಿಯರೇ, ನಿಮ್ಮ ಕೈಗೆ ಚೀಟಿ ಕೊಟ್ಟಾಗ ಕಂಡದ್ದನ್ನು ಬರೆಯಿರಿ. ಬೈಸಿಕೊಳ್ಳಿ, ಪಾತ್ರೆಗೆ ಹಾಕಿದರೆ ತೊಳೆಯಿರಿ, ಆದರೆ ಕಂಡದ್ದನ್ನೇ ಬರೆಯಿರಿ. ಇದಕ್ಕಿಂತ ಹೆಚ್ಚು ನಾನು ಕಲಿಸಲಾರೆ.

ಅವಳ ಮನೆಯಿಂದ ಬಂದು ಇವತ್ತಿಗೆ ಹನ್ನೊಂದು ದಿನ. ಜಯಳ ಫೋನು ಬಂದಿಲ್ಲ. ಸೊಪ್ಪಿನ ಅಂಗಡಿ ದಿನಾ ತೆರೆಯುತ್ತಿದ್ದಾಳೆ ಎಂದು ಬಜಾರಿನವರು ಹೇಳಿದರು. ಬೆಳಿಗ್ಗೆ ಅವಳು ಏನು ತಿಂದಳು, ಎಷ್ಟು ತಿಂದಳು, ಎಷ್ಟು ಬಿಟ್ಟಳು ಎಂಬುದು ನನಗೆ ಗೊತ್ತಿಲ್ಲ.